ಬಾಳೆಮೀನಿಗೆ ಸಾಕ್ಷಿ

ಪ್ರತಿ ಮನುಷ್ಯನಿಗೂ ಜೀವಮಾನದಲ್ಲಿ ಒಂದಾದರೂ ಮಹತ್ವಾಕಾಂಕ್ಷೆ ಇರಬೇಕಂತೆ. ನನಗೂ ಒಂದಿತ್ತು, ಆದರೆ ಅದು ನೀರಿನೊಳಗಿತ್ತು. ಶಹಾಪುರದಿಂದ ದೋರನಹಳ್ಳಿ ಕಡೆಗೆ ಹೋಗುವ ಕಾಲುವೆಯ ದಂಡೆಯಲ್ಲಿ, ನೀರು ಎಷ್ಟು ಎತ್ತರ ಹರಿಯುತ್ತಿದೆ ಎಂದು ಗೋಡೆಗೆ ಬರೆದ ಗೇಜುಪಟ್ಟಿ ನೋಡಿ ಗುರುತು ಹಾಕಿಕೊಳ್ಳುವುದು ನನ್ನ ಸರಕಾರಿ ಕೆಲಸ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ನಡುವಿನ ಹೊತ್ತಿನಲ್ಲಿ ಏನು ಮಾಡಬೇಕೆಂದು ಸರಕಾರ ಹೇಳಿರಲಿಲ್ಲ. ನಾನು ಗಾಳ ಹಾಕಿದೆ.

ತೊಡಕೆಂದರೆ, ನಾವು ಲಿಂಗ ಕಟ್ಟಿಕೊಂಡವರು. ನಮ್ಮ ಮನೆಯಲ್ಲಿ ಮೀನಿನ ಹೆಸರು ಹೇಳಿದರೂ ಬಾಯಿ ಮುಕ್ಕಳಿಸಬೇಕು. ಆದ್ದರಿಂದ ಹಿಡಿದದ್ದನ್ನೆಲ್ಲ ಬಿಟ್ಟುಬಿಡುತ್ತಿದ್ದೆ. ಇದನ್ನು ಜನ ನನ್ನ ದಯಾಗುಣವೆಂದು ತಿಳಿದಿದ್ದರು. ನಾನೂ ತಿದ್ದಲು ಹೋಗಲಿಲ್ಲ. ನನ್ನ ಹೆಂಡತಿ ನೀಲಮ್ಮ ಮಾತ್ರ ಒಮ್ಮೆ ರೊಟ್ಟಿ ಬಡಿಯುತ್ತ ಕೇಳಿದ್ದಳು: "ಬಿಡೋದಿತ್ತಂದ್ರ ಹಿಡಿಯೋದ್ಯಾಕ್ರಿ? ಹಿಡೀಲಾರದ ಮನ್ಯಾಗ ಕುಂತ್ರ ಎಲ್ಲಾ ಮೀನ ಒಮ್ಮಿಗೇ ಬಿಟ್ಟಂಗ ಆಗ್ತದಲ್ಲ!" ನಾನು ಆ ರೊಟ್ಟಿಯನ್ನೇ ಬುತ್ತಿ ಕಟ್ಟಿಸಿಕೊಂಡು ಕಾಲುವೆಗೆ ಹೊರಟೆ.

ಕಾಲುವೆಯ ಪಕ್ಕದ ಚಹಾದ ಹೋಟೆಲಿನಲ್ಲಿ ಒಂದು ಕಂಬವಿತ್ತು. ಅದರ ಮೇಲೆ ಇದ್ದಿಲಿನ ಒಂದು ಗೆರೆ. ನಿವೃತ್ತ ಸಿದ್ರಾಮಪ್ಪ ಮಾಸ್ತರರು ಹಿಡಿದ ಬಾಳೆಮೀನಿನ ಉದ್ದ ಅದು, ಮೀಟರಿಗೆ ಎರಡು ಬೆರಳು ಕಡಿಮೆ. ಆ ಗೆರೆಗಿಂತ ಮೇಲೆ ನನ್ನ ಹೆಸರಿನ ಗೆರೆ ಬೀಳಬೇಕು, ಇಷ್ಟೇ ನನ್ನ ಆಸೆ. ಮಾಸ್ತರರು ತಮ್ಮ ಮೀನನ್ನು ಕಂಬಕ್ಕೇ ತಂದು ಹಚ್ಚಿ, ಆಮೇಲೆ ಸಾರು ಮಾಡಿಸಿ ಉಂಡಿದ್ದರು. ನಾನು ಬಿಡುವವನು, ನನಗೆ ಸಾಕ್ಷಿ ಬೇಕು. ಗೇಟು ಎತ್ತಿ ಇಳಿಸುವ ಖಾಸಿಮನನ್ನು ಕೇಳಿದೆ. ಅವನು ಪ್ರಾಮಾಣಿಕ ಮನುಷ್ಯ. "ಸಾಕ್ಷಿ ನುಡೀತೀನ್ರಿ ಸಾಹೇಬ್ರ. ಆದ್ರ ನೀವು ಮ್ಯಾಲ ಬಿಡ್ರಿ, ನಾ ಕೆಳಗ ಬಲಿ ಹಿಡ್ಕೊಂಡು ನಿಂದರ್ತೀನಿ. ನಿಮಗ ಪುಣ್ಯ, ನನಗ ಊಟ" ಎಂದ. ಮೀನು ತಿನ್ನುವವನು ಅದನ್ನು ಬಿಡಗೊಡುವುದಿಲ್ಲ, ತಿನ್ನದವನು ಕಾಲುವೆಯ ಕಡೆ ಸುಳಿಯುವುದಿಲ್ಲ. ಇಂಥ ಧರ್ಮಸಂಕಟದಲ್ಲಿ ನಾಲ್ಕು ವರ್ಷ ಕಳೆದವು.

ಖಾಸಿಮ ಸುರಪುರಕ್ಕೆ ಮದುವೆಗೆ ಹೋಗಿದ್ದ ದಿನ, ಗಾಳಕ್ಕೆ ಎರೆಹುಳು ಚುಚ್ಚುವ ಪಾಪ ನನ್ನ ಪಾಲಿಗೇ ಬಂತು. ಕಣ್ಣು ಮುಚ್ಚಿ ಚುಚ್ಚಿದೆ. ಅರ್ಧ ತಾಸಿನಲ್ಲಿ ಬಿದಿರುಕೋಲು ಬಿಲ್ಲಾಯಿತು. ಮರುಗಳಿಗೆ ನಾನು ಸೊಂಟಮಟ್ಟದ ನೀರಿನಲ್ಲಿದ್ದೆ. ಟೊಪ್ಪಿಗೆ ನನಗಿಂತ ಮುಂದೆ ತೇಲಿ ಹೋಗುತ್ತಿತ್ತು. ಮರೆತು ಬಂದಿದ್ದ ಬುತ್ತಿ ಕೊಡಲು ನೀಲಮ್ಮ ಬಂದದ್ದು ಇದೇ ಶುಭಮುಹೂರ್ತಕ್ಕೆ.

"ಅಯ್ಯ ನನ್ನ ಶಿವನ! ಕೋಲ ಬಿಡ್ರೀ!"

ಬಿಡಲಿಲ್ಲ. ಹತ್ತು ಮಾರು ಹೋದ ಮೇಲೆ ಮೆಟ್ಟಿಲು ಕಾಲಿಗೆ ಸಿಕ್ಕಿತು. ಮೀನನ್ನು ತಬ್ಬಿಕೊಂಡೇ ಮೇಲೆ ಬಂದು, ಗಾಳ ಬಿಡಿಸಿ, ಪಕ್ಕದ ಗೋಡೆಯ ಗೇಜುಪಟ್ಟಿಗೆ ಹಚ್ಚಿ ನಿಲ್ಲಿಸಿದೆ. ಒಂದು ಮೀಟರು ಹನ್ನೆರಡು ಸೆಂಟಿಮೀಟರು! "ಓದು, ಓದು!" ಎಂದು ಕೂಗಿದೆ. ನೀಲಮ್ಮ ಓದಿದ್ದೇ ತಡ, ಅದು ಬಾಲದಿಂದ ನನ್ನ ಕೆನ್ನೆಗೊಂದು ಬಾರಿಸಿತು. ನಾನು ಅದನ್ನು ಬಿಟ್ಟೆ. ನಾನು ಬಿಟ್ಟದ್ದು ಮೊದಲೋ ಅದು ಹೋದದ್ದು ಮೊದಲೋ ಎಂಬುದನ್ನು ಪಂಡಿತರು ನಿರ್ಣಯಿಸಲಿ.

ಸುದ್ದಿ ಕೇಳಿ ಮರುದಿನ ಮಾಸ್ತರರು ಖಾಸಿಮನನ್ನು ಕರೆದುಕೊಂಡು ನಮ್ಮ ಮನೆಗೇ ಬಂದರು. ಇದ್ದಿಲು ಅವರ ಕೈಯಲ್ಲಿತ್ತು. ನೀಲಮ್ಮ ಸುಳ್ಳಾಡುವವಳಲ್ಲ ಎಂಬುದು ಓಣಿಗೆಲ್ಲ ಗೊತ್ತು. ಅದರಿಂದ ನನಗೇ ಬಹಳ ಸಲ ನಷ್ಟವಾಗಿದೆ. ಅಂದು ಮೊದಲ ಸಲ ಲಾಭವಾಗುವುದೆಂದು ಮೀಸೆ ನೀವಿಕೊಂಡೆ.

"ತಂಗೆವ್ವಾ, ನಿನ್ನ ಗಂಡ ಅಷ್ಟು ದೊಡ್ಡ ಮೀನ ಹಿಡದಿದ್ದು ಖರೇ ಏನು?"

"ಇಲ್ರಿ ಮಾಸ್ತರ" ಎಂದಳು ನೀಲಮ್ಮ, ಜೋಳ ಹಸನು ಮಾಡುತ್ತಿದ್ದ ಮೊರದಿಂದ ಕಣ್ಣೆತ್ತದೆ.

ಮಾಸ್ತರರು ಇದ್ದಿಲನ್ನು ಕಿಸೆಗೆ ಹಾಕಿಕೊಂಡು, ಚಹಾ ಕುಡಿದು ಎದ್ದರು. ಖಾಸಿಮ ನನ್ನನ್ನು ನೋಡಿದ ನೋಟದಲ್ಲಿ, ನಾನು ಮೀನನ್ನು ಗುಟ್ಟಾಗಿ ಉಂಡೆನೆಂಬ ಗುಮಾನಿಯಿತ್ತು. ಅವರು ಓಣಿ ದಾಟುವುದನ್ನೇ ಕಾದು ನಾನು ಸಿಡಿದೆ: "ಕಣ್ಣಾರೆ ನೋಡೀದಿ! ಶಿವಭಕ್ತಳಾಗಿ ಸುಳ್ಳು ಹೇಳ್ತೀ?"

"ಏನ್ ಸುಳ್ಳು? ನಾ ಬಂದಾಗ ಅದು ನಿಮ್ಮನ್ನ ಎಳಕೊಂಡು ದೋರನಹಳ್ಳಿ ಕಡಿಗಿ ಹೊಂಟಿತ್ತು. ಯಾರು ಯಾರನ್ನ ಹಿಡದಂಗಾತು? ಕಡೀಕ ಕಪಾಳಕ್ಕ ಹೊಡದು ಬಿಟ್ಟು ಹೋಗಿದ್ದೂ ಅದಽ. ಮಾಸ್ತರ ಅದನ್ನ ಕೇಳಿದ್ರ ಹೇಳ್ತಿದ್ದೆ. ಅವರು ಕೇಳಲಿಲ್ಲ."

ಅಂದಿನಿಂದ ಎಷ್ಟು ವಿಚಾರ ಮಾಡಿದರೂ ಈ ಮಾತಿನಲ್ಲಿ ನನಗೆ ತಪ್ಪು ಸಿಕ್ಕಿಲ್ಲ. ಆ ಬಾಳೆಮೀನು ಅರವತ್ತೆಂಟು ಕಿಲೋ ತೂಕದ ಒಬ್ಬ ಸರಕಾರಿ ನೌಕರನನ್ನು ಹಿಡಿದು, ಹತ್ತು ಮಾರು ಎಳೆದು, ಗಾಯವಾಗದಂತೆ ಜೀವಸಹಿತ ಬಿಟ್ಟಿತು. ಪಾಪ, ತನ್ನವರಿಗೆ ಹೋಗಿ ಹೇಳಿದಾಗ ಅದನ್ನಾದರೂ ಯಾರು ನಂಬಿರುತ್ತಾರೆ? ಅದರ ಬಳಿ ನೀಲಮ್ಮನಂಥ ಸಾಕ್ಷಿಯೂ ಇರಲಿಲ್ಲ.