ಎಪ್ಪತ್ತೆರಡು ಪುಟಗಳ ಕೊನೆಯ ಸಾಲು

ಸಾಫ್ಟ್‌ವೇರ್ ಬಳಸುವವರು ದಾರಿ ತಪ್ಪಿದಾಗ ಓದಿಕೊಳ್ಳುವ ಸಹಾಯ ಪುಟಗಳನ್ನು ಬರೆದು ವಿಷಯವಾರು ಜೋಡಿಸುವುದು ಅವಳ ಕೆಲಸ. ಆಫೀಸಿನಲ್ಲಿ ಅದಕ್ಕೆ ಸಂಬಳ ಕೊಡುತ್ತಿದ್ದರು. ಮನೆಯಲ್ಲಿ ಅದನ್ನೇ ಬಾಯಲ್ಲಿ ಮಾಡುತ್ತಿದ್ದಳು, ಪುಕ್ಕಟೆ.

"ಲೇ, ಟವೆಲ್ ಎಲ್ಲಿ?"

"ನಿಮ್ಮ ಹೆಗಲ ಮೇಲೆ."

ಅಕ್ಕನ ಮನೆಗೆ ಹೋಗಿ ಮೂರು ದಿನ ಸುಮ್ಮನೆ ಮಲಗಬೇಕೆಂಬುದು ಅವಳ ಆರು ವರ್ಷದ ಆಸೆ. ಹೋದಾಗಲೆಲ್ಲ ಫೋನಿನ ಕಾಟ ತಾಳಲಾರದೆ ಮರುದಿನವೇ ವಾಪಸ್ಸು. ಈ ಸಲ ಮನಸ್ಸು ಗಟ್ಟಿ ಮಾಡಿ, ಮನೆಗೂ ಸಹಾಯ ಪುಟಗಳನ್ನು ಮಾಡಿ ಗಂಡನ ಮೊಬೈಲಿಗೆ ಹಾಕಿಕೊಟ್ಟಳು. ಮೊದಲು ಕೋಣೆವಾರು ಜೋಡಿಸಿದ್ದಳು. ಆದರೆ ಸಕ್ಕರೆ ಯಾವ ಕೋಣೆಯಲ್ಲಿರುತ್ತದೆ ಎಂಬುದೇ ಅವನಿಗೆ ಖಚಿತವಿರಲಿಲ್ಲ. ಎಲ್ಲ ಕಿತ್ತು ಸಂಕಟವಾರು ಜೋಡಿಸಿದಳು: 'ಹಸಿವಾಗಿದೆ', 'ಹಾಲು ಉಕ್ಕಿತು', 'ಅಮ್ಮನ ಮಾತ್ರೆ'. ಒಟ್ಟು ಎಪ್ಪತ್ತೆರಡು ಪುಟ. (ಅದರಲ್ಲಿ ಬನಿಯನ್ನಿಗೇ ನಾಲ್ಕು.)

"ನಮ್ಮ ಕಾಲದಲ್ಲಿ ಇದೆಲ್ಲ ಇರ್ಲಿಲ್ಲಮ್ಮ," ಎಂದರು ಅತ್ತೆ.

"ನಿಮ್ಮ ಕಾಲದಲ್ಲಿ ನೀವಿದ್ರಲ್ಲ ಅತ್ತೆ."

ಬಸ್ಸು ಊರು ದಾಟುವ ಮೊದಲೇ ಫೋನು ಬಂತು.

"ಲೇ, ಹಸಿವಾಗ್ತಿದೆ."

"ರೀ, ಆ ಪುಟ ಓದಿದ್ರಾ?"

"ಓದ್ದೆ. 'ಇನ್ನೂ ತೊಂದರೆಯಿದ್ದರೆ ಈ ನಂಬರಿಗೆ ಕರೆ ಮಾಡಿ' ಅಂತ ಕೆಳಗೆ ನೀನೇ ಬರ್ದಿದ್ದೀಯಲ್ಲ."

ಆಫೀಸಿನ ಚಾಳಿ. ಎಪ್ಪತ್ತೆರಡು ಪುಟಗಳ ಬುಡದಲ್ಲೂ ಅದೇ ಸಾಲು, ಅವಳದೇ ನಂಬರು.

"ಅದರ ಮೇಲಿಂದು?"

"ಕೆಳಗೇ ಉತ್ತರ ಇರುವಾಗ ಮೇಲಿಂದು ಯಾಕೆ ಓದ್ಲಿ?"

ಅಕ್ಕನ ಮನೆ ಮುಟ್ಟುವಷ್ಟರಲ್ಲಿ ಒಂಬತ್ತು ಕರೆ. ಅಕ್ಕ ಹಾಸಿಗೆ ಹಾಸಿ, ಕಿಟಕಿಗೆ ಪರದೆ ಎಳೆದು, "ಯಾರು ಕರೆದ್ರೂ ಏಳ್ಬೇಡ ಕಣೇ," ಎಂದು ಹೋದಳು. ಇವಳು ಹಾಸಿಗೆಯ ಮೇಲೆ ಕೂತು ತನ್ನ ಫೋನಿನಲ್ಲೇ ಒಂದೊಂದೇ ಪುಟ ತೆರೆದು (ಇಲ್ಲಿ ತಿದ್ದಿದರೆ ಅವನ ಮೊಬೈಲಿನಲ್ಲೂ ತಿದ್ದಿದಂತೆ) ಆ ಸಾಲನ್ನು ಅಳಿಸಿದಳು. ಎಪ್ಪತ್ತೆರಡೂ ಮುಗಿದ ಮೇಲೆ ದಿಂಬಿಗೆ ತಲೆ ಕೊಟ್ಟಳು. ಕಣ್ಣಿಗೆ ಜೊಂಪು ಹತ್ತಿತ್ತು, ಅಷ್ಟೇ, ಮತ್ತೆ ಫೋನು.

"ಲೇ, ನಿನ್ನ ಪುಟ ಕೆಟ್ಟೋಗಿದೆ. ಕೆಳಗಿದ್ದ ನಂಬರೇ ಕಾಣ್ತಿಲ್ಲ. ಈಗ ಏನಾದ್ರೂ ಬೇಕಾದ್ರೆ ಯಾರಿಗೆ ಫೋನ್ ಮಾಡೋದು?"

ಬೈಯಬೇಕೆಂದು ಬಾಯಿ ತೆರೆದಳು. ಹೊರಟದ್ದು ಆಫೀಸಿನಲ್ಲಿ ಹನ್ನೊಂದು ವರ್ಷ ಪಳಗಿದ ದನಿ: "ಅಡಚಣೆಗಾಗಿ ಕ್ಷಮಿಸಿ. ಕೂಡಲೇ ಸರಿಪಡಿಸುತ್ತೇವೆ."

ಎದ್ದು ಕೂತು 'ಹಸಿವಾಗಿದೆ' ಪುಟ ತೆರೆದಳು, ಆ ಸಾಲನ್ನು ಮತ್ತೆ ಬರೆಯತೊಡಗಿದಳು. ಬಾಗಿಲಲ್ಲಿ ಇಣುಕಿದ ಅಕ್ಕ ಒಳಗೆ ಬಂದಳು. ಕತ್ತಲಲ್ಲಿ ಕಣ್ಣು ಹಾಳಾದೀತೆಂದು, ತಾನೇ ಎಳೆದಿದ್ದ ಪರದೆಯನ್ನು ಸರಿಸಿ ಹೋದಳು.