ಬೆಂಕಿ ನೋಡಿಕೊಳ್ಳುವ ಫ್ಯಾನು

ಯಾವ ಮನೆಯಲ್ಲೇ ಆಗಲಿ, ಬೆಂಕಿ ಹಚ್ಚುವವರು ಒಬ್ಬರು, ಅದು ಆರದ ಹಾಗೆ ನೋಡಿಕೊಳ್ಳುವವರು ಇನ್ನೊಬ್ಬರು. ಹೆಸರು ಬರುವುದು ಹಚ್ಚಿದವರಿಗೆ, ಹೊಗೆ ಕುಡಿಯುವುದು ನೋಡಿಕೊಂಡವರು. ಇದನ್ನು ನಾನು ವೇದಾಂತದ ಧಾಟಿಯಲ್ಲಿ ಹೇಳುತ್ತಿಲ್ಲ, ಕೆಮ್ಮುತ್ತಾ ಹೇಳುತ್ತಿದ್ದೇನೆ. ನಾನು ಹೊಳವನಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಉರಿಯುವುದಕ್ಕೆ ಇಂಧನ ಬೇಕು, ಆಮ್ಲಜನಕ ಬೇಕು, ತಕ್ಕಷ್ಟು ಶಾಖ ಬೇಕು ಅಂತ ವರ್ಷಾವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ನಾಲ್ಕನೆಯದಾಗಿ ಒಬ್ಬ ಹೆಂಡತಿ ಬೇಕು ಅಂತ ಪಠ್ಯಪುಸ್ತಕದಲ್ಲಿ ಇರಲಿಲ್ಲ, ಹಾಗಾಗಿ ಬರೆಯಲಿಲ್ಲ. ಮಕ್ಕಳಿಗೆ ಅರ್ಧ ಪಾಠವನ್ನೇ ಹೇಳಿಕೊಟ್ಟ ಹಾಗಾಯಿತು.

ನಮ್ಮನೆಯವರಿಗೆ ಮಧುಗಿರಿಯಲ್ಲಿ ಬೀಜ ಗೊಬ್ಬರದ ಅಂಗಡಿ. ಮದುವೆಯಾದಾಗಿನಿಂದ ಅವರು ಒಲೆ ಹಚ್ಚಿದ್ದನ್ನು ನಾನು ನೋಡಿಲ್ಲ. ಹಾಲು ಉಕ್ಕಿದರೆ ಆ ಹಾಲಿನ ಪಕ್ಕದಲ್ಲೇ ನಿಂತು, "ಲೇ, ಹಾಲು ಉಕ್ತಾ ಐತೆ ನೋಡೇ" ಅಂತ ಹಿತ್ತಲಿನಲ್ಲಿರುವ ನನ್ನನ್ನು ಕೂಗುವವರು. ಅಂಥವರು ಒಂದು ದಿನ ಮೊಬೈಲಿನಲ್ಲಿ ಗಡ್ಡದ ವಿದೇಶಿಯೊಬ್ಬನನ್ನು ನೋಡಿದರು. ಅವನು ಕುರಿಯ ಒಂದು ಇಡೀ ತೊಡೆಯನ್ನು ಕಪ್ಪು ಡ್ರಮ್ಮಿನೊಳಗಿಟ್ಟು, ಬೆಳಗಿನಿಂದ ಸಂಜೆಯವರೆಗೆ ಸಣ್ಣ ಕಾವಿನಲ್ಲಿ ಬೇಯಿಸಿ, ಬೆರಳು ತಾಗಿಸಿದರೆ ಮಾಂಸ ಮೂಳೆ ಬಿಟ್ಟು ಬರುವ ಹಾಗೆ ಮಾಡಿದ. ಅಷ್ಟು ಹೊತ್ತೂ ಅವನು ಆರಾಮ ಕುರ್ಚಿಯಲ್ಲಿ ಕೂತಿದ್ದ. ನಮ್ಮನೆಯವರಿಗೆ ಹಿಡಿಸಿದ್ದು ತೊಡೆಯೋ ಕುರ್ಚಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಶಿರಾದಲ್ಲಿ ಅವರಿಗೆ ಗುರುತಿನ ಒಬ್ಬ ವೆಲ್ಡಿಂಗ್‌ನವರಿದ್ದಾರೆ. ಆಯಿಲ್ ಡ್ರಮ್ಮು ಕೊಯ್ದು, ಮುಚ್ಚಳ ಕೂರಿಸಿ, ಒಳಗೆ ಕಂಬಿಯ ಜಾಲರಿ ಇಟ್ಟು, ಕೆಳಗೊಂದು ಗಾಳಿಕಂಡಿ, ಮೇಲೊಂದು ಹೊಗೆ ಕೊಳವೆ ಮಾಡಿಸಿಕೊಂಡು ಬಂದರು. ಅದು ನಮ್ಮ ತಾರಸಿಯಲ್ಲಿ ಪ್ರತಿಷ್ಠಾಪನೆಯಾಯಿತು.

ಅಡುಗೆಮನೆಯ ಬೆಂಕಿಗೂ ತಾರಸಿಯ ಬೆಂಕಿಗೂ ವ್ಯತ್ಯಾಸವಿದೆ. ಅಡುಗೆಮನೆಯದು ಕೆಲಸ, ತಾರಸಿಯದು ಕಲೆ. ಕಲೆಗೆ ಪ್ರೇಕ್ಷಕರು ಬೇಕು, ಆದ್ದರಿಂದ ಪ್ರತಿ ಭಾನುವಾರ ಇವರ ಗೆಳೆಯರು ಬರತೊಡಗಿದರು. ಅವರಲ್ಲಿ ಮುಖ್ಯರು ಪಾವಗಡದ ಓಬಳೇಶಪ್ಪನವರು. ಕಡಲೆಕಾಯಿ ಬೀಜದ ವ್ಯಾಪಾರದಲ್ಲಿ ಇವರಿಗೆ ಜೊತೆ, ಊಟದಲ್ಲಂತೂ ಒಂದು ಕೈ ಮುಂದು. ನಮ್ಮನೆಯವರು ಇದ್ದಿಲು ಸುರಿದು, ಬೆಂಕಿ ಹಚ್ಚಿ, ಮಸಾಲೆ ಸವರಿದ ಕೋಳಿಯನ್ನು ಜಾಲರಿಯ ಮೇಲಿಟ್ಟು, "ಲೇ, ಒಂದು ಗಳಿಗೆ ನೋಡ್ಕೊಳೆ, ಬಂದೆ" ಅನ್ನುತ್ತಿದ್ದರು. ಆ ಗಳಿಗೆ ಸಂಜೆ ಮುಗಿಯುತ್ತಿತ್ತು. ಇದ್ದಿಲು ಬಹಳ ಸ್ವಾಭಿಮಾನದ ವಸ್ತು. ಗಾಳಿ ಕಡಿಮೆಯಾದರೆ ಮುನಿಸಿಕೊಂಡು ಬೂದಿ ಹೊದ್ದು ಮಲಗುತ್ತದೆ, ಸ್ವಲ್ಪ ಹೆಚ್ಚಾದರೆ ಕೋಳಿಯನ್ನೇ ಇದ್ದಿಲು ಮಾಡುತ್ತದೆ. ನಾನು ಗಾಳಿಕಂಡಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಮೊರ ಬೀಸಬೇಕು, ನಿಲ್ಲಿಸಬೇಕು, ಮತ್ತೆ ಬೀಸಬೇಕು. ಒಮ್ಮೆ ಟೇಬಲ್ ಫ್ಯಾನು ತಂದಿಟ್ಟೆ. ಬೂದಿಯೆಲ್ಲ ಹಾರಿ ಓಬಳೇಶಪ್ಪನವರ ಬಿಳಿ ಅಂಗಿಯ ಮೇಲೆ ಕೂತಿತು. ಮತ್ತೆ ಮೊರ ಹಿಡಿದೆ. ಕೊನೆಗೆ ಎಲ್ಲರೂ ಬೆರಳು ಚೀಪುತ್ತಾ, "ಏನ್ ಕೈ ಸಾರ್ ನಿಮ್ದು!" ಅನ್ನುವರು. ನಮ್ಮನೆಯವರು ಸಂಕೋಚದಿಂದ ತಮ್ಮ ಕೈ ನೋಡಿಕೊಳ್ಳುವರು. ಆ ಕೈ ನಿಜಕ್ಕೂ ಶುಭ್ರವಾಗಿರುತ್ತಿತ್ತು.

ಇಷ್ಟಕ್ಕೇ ನಾನು ಕಹಿಯಾಗುತ್ತಿರಲಿಲ್ಲ. ಆದರೆ ಭಾನುವಾರ ನನ್ನದಾಗಿತ್ತು. ನನ್ನ ತಂಗಿ ಸುಧಾ ಕೊರಟಗೆರೆಯಲ್ಲಿದ್ದಾಳೆ. ಸ್ಕೂಲಿಗೆ ಹೋಗುವ ಬಸ್ಸು ದಿನಾ ಅವಳ ಊರನ್ನು ದಾಟಿಕೊಂಡೇ ಹೋಗುತ್ತದೆ, ದಾಟಿಕೊಂಡೇ ಬರುತ್ತದೆ, ನಾನು ಇಳಿಯುವ ಹಾಗಿಲ್ಲ. ಇಳಿಯುವುದು ಭಾನುವಾರವೊಂದೇ. ಅವಳ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತು, ಹುರಿದ ಕಡಲೆಕಾಯಿ ಸುಲಿಯುತ್ತಾ, ಯಾರ ಬಗ್ಗೆ ಮಾತಾಡಬಾರದೋ ಅವರ ಬಗ್ಗೆಯೇ ಮಾತಾಡಿ ನಗುತ್ತಿದ್ದೆವು. ಬಿಸಿಲು ಕಡಿಮೆ ಇದ್ದರೆ ಸಿದ್ದರಬೆಟ್ಟಕ್ಕೆ ಹೋಗಿ ಅರ್ಧ ಹತ್ತಿ, ಮಂಡಿಯ ನೆಪ ಹೇಳಿ ಇಳಿಯುತ್ತಿದ್ದೆವು. ವಾರದಲ್ಲಿ ನಾನು ಬಾಯ್ತುಂಬ ನಗುವುದು ಅಲ್ಲೊಂದೇ ಕಡೆ. ತಾರಸಿಗೆ ಈ ಡ್ರಮ್ಮಿನ ಗ್ರಿಲ್ಲು ಬಂದ ಮೇಲೆ ಅದು ನಿಂತಿತು. ಮೊದಮೊದಲು ಸುಧಾ ಫೋನ್ ಮಾಡಿ, "ಅಕ್ಕ, ಬತ್ತೀಯಾ?" ಅನ್ನುತ್ತಿದ್ದಳು. ಆಮೇಲೆ, "ಬರಲ್ಲ ಅಲ್ವಾ?" ಅನ್ನತೊಡಗಿದಳು. ಆ ಎರಡನೆಯ ಪ್ರಶ್ನೆ ಕೇಳಿದ ದಿನ ನನಗೆ ತಡೆಯಲಾಗಲಿಲ್ಲ, ಸಂಕಟವಾಯಿತು.

ನನಗೆ ಬದಲಾಗಿ ಮೊರ ಬೀಸುವ ಯಂತ್ರವೇನಾದರೂ ಇದೆಯೇ ಎಂದು ಹುಡುಕಿದೆ. ಇತ್ತು! ಅಂಗೈಯಗಲದ ಒಂದು ಫ್ಯಾನು ಗಾಳಿಕಂಡಿಗೆ ಕಚ್ಚಿಕೊಂಡಿರುತ್ತದೆ. ಶಾಖ ಅಳೆಯುವ ಒಂದು ಕಡ್ಡಿ ಜಾಲರಿಯ ಮೇಲೆ, ಇನ್ನೊಂದು ಮಾಂಸದೊಳಗೆ. ಇಷ್ಟು ಡಿಗ್ರಿ ಇರಬೇಕು ಅಂತ ಒಮ್ಮೆ ಹೇಳಿದರೆ ಸಾಕು, ಶಾಖ ಇಳಿದಾಗ ಫ್ಯಾನು ಊದುತ್ತದೆ, ಏರಿದಾಗ ಸುಮ್ಮನಾಗುತ್ತದೆ. ಕೊಂಡವರೊಬ್ಬರು, "ಇದನ್ನು ಹಚ್ಚಿಟ್ಟು ನಿದ್ದೆ ಮಾಡಿದೆ, ಎದ್ದಾಗ ಶಾಖ ಅಲ್ಲಾಡಿರಲಿಲ್ಲ" ಅಂತ ಅಭಿಪ್ರಾಯ ಬರೆದಿದ್ದರು. ಅದನ್ನು ನಾನು ಸ್ಟಾಫ್ ರೂಮಿನಲ್ಲಿ ಕೂತು ಮತ್ತೆ ಮತ್ತೆ ಓದಿದೆ. ಬೆಂಕಿ ಹಚ್ಚಿದ ಮೇಲೂ ನಿದ್ದೆ ಮಾಡುವ ಮನುಷ್ಯರು ಪ್ರಪಂಚದಲ್ಲಿದ್ದಾರೆ ಅನ್ನುವುದೇ ನನಗೆ ಸುದ್ದಿಯಾಗಿತ್ತು.

ಆದರೆ ಯಾವುದನ್ನು ಆರಿಸುವುದು? ಗಂಡನನ್ನು ಆರಿಸುವಾಗ ನನಗೆ ಇಷ್ಟು ವಿವರ ಯಾರೂ ಕೊಟ್ಟಿರಲಿಲ್ಲ. ಒಂದರ ಫ್ಯಾನು ತೀರ ಸಣ್ಣದು, ನಮ್ಮ ಡ್ರಮ್ಮಿನ ಹೊಟ್ಟೆಗೆ ಅದು ಸಾಲದು. ಇನ್ನೊಂದರದು ಜೋರು, ಆದರೆ ಅದು ಯಾವ ಯಾವ ಗ್ರಿಲ್ಲಿಗೆ ಕೂರುತ್ತದೆ ಅಂತ ವಿದೇಶಿ ಹೆಸರುಗಳ ಸಾಲೇ ಇತ್ತು. ಶಿರಾದ ಆಯಿಲ್ ಡ್ರಮ್ಮಿನ ಹೆಸರು ಅದರಲ್ಲಿರಲಿಲ್ಲ. ಮೂರನೆಯದು ಕರೆಂಟು ಹೋದರೆ ನಿಲ್ಲುತ್ತದೆ. ನಮ್ಮ ಕಡೆ ಅದು ನಡೆಯುವ ಮಾತಲ್ಲ. ನಾಲ್ಕನೆಯದು ಪವರ್ ಬ್ಯಾಂಕಿನಲ್ಲೂ ಓಡುತ್ತದೆ, ಮುಚ್ಚಳ ತೆಗೆದರೆ ತಿಳಿದುಕೊಳ್ಳುತ್ತದೆ, ಯಾವ ಊರಿನಲ್ಲಿದ್ದರೂ ಫೋನಿನಿಂದಲೇ ಹತೋಟಿ ಮಾಡಬಹುದು. ಬೆಲೆಯ ಸೊನ್ನೆಗಳನ್ನು ಎರಡೆರಡು ಸಲ ಎಣಿಸಿದೆ. ಆದರೂ ಅದೇ ಆಗಲಿ ಅಂದುಕೊಂಡು ನಮ್ಮನೆಯವರ ಮುಂದಿಟ್ಟೆ.

"ಬೆಂಕಿಗೆ ಮನುಷ್ಯರ ಗಾಳಿ ಬೀಳ್ಬೇಕು ಕಣೆ. ಮಿಷನ್ ಗಾಳಿಗೆ ರುಚಿ ಎಲ್ಲಿಂದ ಬತ್ತದೆ?" ಅಂದರು.

"ಯಾವ ಮನುಷ್ಯರದು ರೀ?" ಅಂದೆ.

ಅವರು ಪೇಪರಿನ ಹಾಳೆ ತಿರುಗಿಸಿದರು. ಅದನ್ನೇ ಒಪ್ಪಿಗೆ ಅಂದುಕೊಂಡು ತರಿಸಿದೆ. ಕಂಡಿಗೂ ಫ್ಯಾನಿಗೂ ನಡುವೆ ತಗಡಿನ ಪಟ್ಟಿ ಹಾಕಿಸಿ ಕೂರಿಸಿದ್ದಾಯಿತು. ಫೋನಿಗೆ ಆ್ಯಪ್ ಹಾಕಿಕೊಳ್ಳಿ ಅಂದರೆ, "ನನ್ ಫೋನಾಗೆ ಜಾಗ ಇಲ್ಲ, ನಿಂದ್ರಾಗೆ ಹಾಕ್ಕಂಬುಡು" ಅಂದರು. ಅವರ ಫೋನಿನಲ್ಲಿ ಜಾಗವಿಲ್ಲದ್ದು ನಿಜ, ಗಡ್ಡದವನು ಪೂರ್ತಿ ತುಂಬಿಕೊಂಡಿದ್ದ. ನನ್ನದರಲ್ಲೇ ಹಾಕಿಕೊಂಡೆ. ಖಾಲಿ ಡ್ರಮ್ಮಿನಲ್ಲಿ ಕೆಂಡ ಹಾಕಿ ಪರೀಕ್ಷೆ ಮಾಡಿದಾಗ ಶಾಖ ಗೆರೆ ಎಳೆದ ಹಾಗೆ ನಿಂತಿತು. ನನಗೆ ಕಣ್ಣೀರು ಬಂತು. ಆ ಹೊತ್ತಿನಲ್ಲಿ ಹೊಗೆ ಇರಲಿಲ್ಲ ಅನ್ನುವುದನ್ನು ದಯವಿಟ್ಟು ಗಮನಿಸಬೇಕು.

ಅದರ ನಿಜವಾದ ಉದ್ಘಾಟನೆಗೆ ನಮ್ಮನೆಯವರು ವರ್ಷತೊಡಕನ್ನು ಗೊತ್ತುಮಾಡಿದರು. ಯುಗಾದಿಯ ಮಾರನೆಯ ದಿನದ ಬಾಡೂಟ, ಅದೂ ಭಾನುವಾರವೇ ಬಂದಿತ್ತು. ಇಡೀ ತೊಡೆ ಬೇಯಿಸುತ್ತೇನೆಂದು ಓಬಳೇಶಪ್ಪನವರಿಗೂ ಇತರರಿಗೂ ಡಂಗುರ ಸಾರಿದ್ದರು. ನಾನು ಸುಧಾಳಿಗೆ, "ಈ ಭಾನುವಾರ ಬಂದೇ ಬರ್ತೀನಿ, ಬೆಳಗ್ಗೆನೇ" ಅಂದಿದ್ದೆ. ಅವತ್ತು ಇವರು ನಸುಕಿನಲ್ಲೇ ಮಾಂಸ ತರಲು ತಮ್ಮ ಹುಟ್ಟೂರಿಗೆ, ಕಳ್ಳಂಬೆಳ್ಳದ ಕಡೆಗೆ ಹೊರಟರು. ಅವರು ಬರುವ ಹೊತ್ತಿಗೆ ಎಲ್ಲ ಸಿದ್ಧವಿರಲಿ ಅಂತ ನಾನೇ ಕೆಂಡ ಮಾಡಿ, ಫ್ಯಾನು ಹಚ್ಚಿ, ಕಡ್ಡಿ ಸಿಕ್ಕಿಸಿ, ಶಾಖ ನಿಂತಿದ್ದನ್ನು ನೋಡಿಕೊಂಡು ಹೊಸ ಸೀರೆಯಲ್ಲಿ ಬಸ್ಸು ಹತ್ತಿದೆ. ಈ ಸಲ ಹಚ್ಚಿದ್ದೂ ನಾನೇ ಅನ್ನುವುದು ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು.

ಇನ್ನೊಂದು ವಿಷಯ ಮಾತ್ರ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಇವರ ಊರಿನಲ್ಲಿ ವರ್ಷತೊಡಕಿಗೆ ಗುಡ್ಡೆ ಮಾಂಸ. ಹತ್ತಾರು ಮನೆಯವರು ಸೇರಿ ಕುರಿ ತಂದು, ಕೊಯ್ದು, ತೊಡೆ, ಪಕ್ಕೆ, ಈಲಿ, ಬೋಟಿ ಎಲ್ಲವನ್ನೂ ಸಣ್ಣಗೆ ಕೊಚ್ಚಿ, ಎಲ್ಲರಿಗೂ ಎಲ್ಲವೂ ಬರುವ ಹಾಗೆ ಒಂದೇ ಸಮನಾಗಿ ಗುಡ್ಡೆ ಹಾಕಿ ಹಂಚುತ್ತಾರೆ. ಊರು ಬಿಟ್ಟು ಬಂದವರಿಗೂ ಅವರ ಗುಡ್ಡೆ ಇರುತ್ತದೆ. ಅದನ್ನು ಬಿಟ್ಟು ಅಂಗಡಿಯಲ್ಲಿ ಕೊಂಡರೆ ಊರನ್ನೇ ಬಿಟ್ಟಂತೆ. ಇವರು ಹುಟ್ಟಿದಾಗಿನಿಂದ ಆ ಗುಡ್ಡೆಯನ್ನು ತಿಂದವರು, ನಾನು ಮದುವೆಯಾದಾಗಿನಿಂದ ಬೇಯಿಸಿದವಳು. ಆದರೂ ತೊಡೆಗೆ ಚುಚ್ಚುವ ಕಡ್ಡಿ ಎಷ್ಟು ಉದ್ದವಿರಬೇಕು ಅಂತ ತಲೆ ಕೆಡಿಸಿಕೊಂಡೆನೇ ಹೊರತು, ತೊಡೆ ಎಲ್ಲಿಂದ ಬರುತ್ತದೆ ಅಂತ ಯೋಚಿಸಲಿಲ್ಲ. ಅಲ್ಲಿ ಇವರು ಇಡೀ ತೊಡೆ ಬೇಕು ಅಂದರಂತೆ. ಹಂಚುತ್ತಿದ್ದ ಹಿರಿಯರು ಮಚ್ಚು ಕೆಳಗಿಟ್ಟು, "ತೊಡೆ ನಿಂಗೊಬ್ಬಂಗೇ ಕೊಟ್ಟುಬುಟ್ರೆ, ಮಿಕ್ಕೋರೇನು ಗೊರಸು ಚೀಪ್ಬೇಕೇನಪ್ಪಾ?" ಅಂದರಂತೆ. ಇವರು ತಲೆ ತಗ್ಗಿಸಿ ತಮ್ಮ ಗುಡ್ಡೆ ಕಟ್ಟಿಸಿಕೊಂಡು ಬಂದರು.

ನಾನು ಸುಧಾಳ ಜಗಲಿಯಲ್ಲಿ ಕೂತು ಇನ್ನೂ ಮೊದಲ ನಗೆ ಮುಗಿಸಿರಲಿಲ್ಲ. ಫೋನು ಕಿರುಚಿತು. ಮುಚ್ಚಳ ತೆರೆದಿದೆ! ಮುಚ್ಚಿತು. ಮತ್ತೆ ತೆರೆದಿದೆ! ಶಾಖ ಏರುತ್ತಿದೆ! ಹಿಂದೆಯೇ ಇವರ ಕರೆ. "ಲೇ, ನಿನ್ ಮಿಷನ್ನು ಬಡ್ಕಂತಾ ಐತೆ. ತುಂಡೆಲ್ಲ ಕಂಬಿ ಸಂದಿನಾಗೆ ಕೆಂಡಕ್ಕೆ ಬೀಳ್ತಾ ಅವೆ. ಕೊಬ್ಬು ಬಿದ್ದು ಭಗ್ ಅಂತ ಉರೀತದೆ. ಏನ್ಮಾಡನೆ?"

"ಮೊದ್ಲು ಮುಚ್ಚಳ ಮುಚ್ಚಿ. ಉಳಿದ ಮಾಂಸ ತಗೊಂಡು ಕೆಳಗೆ ಹೋಗಿ, ಕುಕ್ಕರಿನಲ್ಲಿ ಸಾರು ಮಾಡಿ."

"ಎಲ್ರೂ ಮೇಲೆ ಕೂತವ್ರೆ. ಈಗ ಅಡುಗೆಮನೆಗೆ ಹೋದ್ರೆ ನನ್ ಮರ್ಯಾದೆ ಗತಿ ಏನೆ?"

ಅವರ ಮರ್ಯಾದೆ ಉಳಿಸಲು ತಾರಸಿಗೆ ದೊಡ್ಡ ಪಾತ್ರೆ ತರಿಸಿದೆ. ಈರುಳ್ಳಿ ಎಷ್ಟು, ಕೊತ್ತಂಬರಿ ಎಷ್ಟು, ನೀರು ಯಾವಾಗ ಎಲ್ಲ ಹೇಳಿದೆ. "ಚಕ್ಕೆ ಅಂದ್ರೆ ಯಾವ್ದೇ?" ಅಂದರು, ಮರದ ತೊಗಟೆಯ ಥರ ಇರೋದು ಅಂದೆ. ಕೊರಟಗೆರೆಯಲ್ಲಿ ಕೂತು ಬೆರಳಿನಿಂದ ಮಧುಗಿರಿಯ ಫ್ಯಾನು ಜೋರು ಮಾಡಿದೆ, ಸಾರು ಕುದಿ ಬಂದಿತೆಂದಾಗ ಇಳಿಸಿದೆ, ಮತ್ತೆ ಏರಿಸಿದೆ. ಸುಧಾ ಊಟಕ್ಕೆ ಎಲೆ ಹಾಕಿದಳು. ನಾನು ಒಂದು ಕೈಯಲ್ಲಿ ಉಂಡೆ, ಇನ್ನೊಂದರಲ್ಲಿ ಬೆಂಕಿ ನೋಡಿಕೊಂಡೆ. ಸಂಜೆಯ ಹೊತ್ತಿಗೆ ಓಬಳೇಶಪ್ಪನವರು ತಮ್ಮ ಪಾವಗಡದ ತೆಲುಗು ಬೆರೆಸಿ ಹೊಗಳುವುದು ಫೋನಿನಲ್ಲಿ ಕೇಳಿತು: "ಅದಿರಿಂದಿ ಸಾಮೀ, ಅದಿರಿಂದಿ! ಸಾರ್ ಕೈನಾಗೆ ಏನೋ ಐತೆ ಬುಡಿ!"

ಬಸ್ಸಿಗೆ ಹೊರಟಾಗ ಸುಧಾ ಬಾಗಿಲವರೆಗೆ ಬಂದಳು. "ಅಕ್ಕ, ನೀನು ಬಂದಿದೀಯ ಅಂದ್ಕೊಂಡಿದ್ದೆ" ಅಂದಳು. ತಮಾಷೆಗೆ ಹೇಳಿದ್ದಲ್ಲ. ದಾರಿಯುದ್ದಕ್ಕೂ ಇವರನ್ನು, ಗಡ್ಡದವನನ್ನು, ಶಿರಾದ ವೆಲ್ಡಿಂಗಿನವರನ್ನು, ಕೊನೆಗೆ ಆ ಕುರಿಯನ್ನೂ ಬೈದುಕೊಂಡೆ.

ಮುಂದಿನ ಭಾನುವಾರ ಹಟ ಹಿಡಿದು ಮತ್ತೆ ಹೋದೆ. ಫೋನನ್ನು ಜಗಲಿಯ ಕಂಬದ ಹತ್ತಿರ ಮಗುಚಿಟ್ಟೆ. ಸುಧಾ ಹೊಸ ಓರಗಿತ್ತಿಯ ಕಥೆ ಶುರುಮಾಡಿದಳು. ಕಥೆ ಚೆನ್ನಾಗಿತ್ತು. ಫೋನು ಸದ್ದು ಮಾಡಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು, ಫೋನು ಸದ್ದು ಮಾಡಲಿಲ್ಲ. ಓರಗಿತ್ತಿ ಏನು ಮಾಡಿದಳೋ ನನ್ನ ತಲೆಗೆ ಹೋಗಲಿಲ್ಲ. ಎತ್ತಿ ನೋಡಿದೆ, ಯಂತ್ರ ಆಫ್ ಆಗಿದೆ ಅಂತ ಬರೆದಿತ್ತು. ಸುಧಾ ನೀರು ತರಲು ಒಳಗೆ ಹೋದಾಗ ಇವರಿಗೆ ಕರೆ ಮಾಡಿದೆ.

"ಯಾಕ್ರೀ, ಬೆಂಕಿ ಹಚ್ಚಿಲ್ವಾ?"

"ಇಲ್ಲ ಕಣೆ. ಹೋಟ್ಲಿಂದ ತರಿಸ್ಕಂಡ್ವಿ. ಚೆನ್ನಾಗೈತೆ. ನೀನು ಆರಾಮಾಗಿರು."

ಮೊರ ಬೀಸಿದ ಅಷ್ಟೂ ಭಾನುವಾರಗಳಲ್ಲಿ ಬರದಷ್ಟು ಸಿಟ್ಟು ಆ ಒಂದು ಮಾತಿಗೆ ಬಂತು. ಹೋಟೆಲಿನದು ಚೆನ್ನಾಗಿದೆಯಂತೆ! ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಅಷ್ಟು ಆರಿಸಿ ತರಿಸಿದ ಯಂತ್ರ ತಣ್ಣಗೆ ಕೂತಿದೆಯಲ್ಲ! ಸುಧಾ ನೀರು ತಂದಾಗ ನಾನು ಎದ್ದು ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

"ಇದ್ದಿಲು ಮೇಲೇ ಇದೆ ಕಣೇ. ಮಳೆ ಗಿಳೆ ಬಂದ್ರೆ ನೆಂದು ಹೋಗುತ್ತೆ, ಮುಚ್ಚಿಡಬೇಕು" ಅಂದೆ.

ಹೊರಗೆ ಬೆಂಕಿಯಂಥ ಬಿಸಿಲು. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಸುಧಾ ಆಕಾಶವನ್ನೂ ನೋಡಿದಳು, ನನ್ನನ್ನೂ ನೋಡಿದಳು. ನಾನು ಮಧ್ಯಾಹ್ನದ ಬಸ್ಸಿಗೇ ಹೊರಟೆ.