ಚಾರ್ಜು ಒಪ್ಪಿಸದೆ ಹೋದ ದೊಡ್ಡಹನುಮಯ್ಯ

ಕರಿಹಲಗೆಯ ಮೇಲೆ ಆವತ್ತು ಬೆಳಿಗ್ಗೆ 'ಹ್ಯಾಂಡೋವರ್' ಎಂದು ಬರೆದಿತ್ತು. ಸೀಮೆಸುಣ್ಣದ ದಪ್ಪ ಕನ್ನಡ ಅಕ್ಷರ, ಎಡಕ್ಕೆ ವಾಲಿದ ಬರಹ, ಕೊನೆಯಲ್ಲಿ ಕೋಳಿ ಕೆದಕಿದಂಥ ಒಂದು ಗೀಟು. ಕೆಂಪರಾಜು ಅದನ್ನು ನೋಡಿದವನೇ ಊಟದ ಚೀಲ ಕೈಬಿಟ್ಟ. ಬರಹ ಸೂಪರ್ವೈಸರ್ ದೊಡ್ಡಹನುಮಯ್ಯನದು, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಏನೆಂದರೆ, ದೊಡ್ಡಹನುಮಯ್ಯ ಸತ್ತು ಆರು ತಿಂಗಳಾಗಿತ್ತು.

ಬಿಡದಿ ಕಡೆ ಹಿಪ್ಪುನೇರಳೆ ತೋಟಗಳನ್ನೆಲ್ಲ ಸಪಾಟು ಮಾಡಿ ಶೆಡ್ಡು ಎಬ್ಬಿಸುತ್ತಿದ್ದ ಕಾಲ. ಎರಡು ಸಾವಿರದ ಆರನೇ ಇಸವಿ ಇರಬೇಕು. ಆ ಕಾರ್ಖಾನೆಯಲ್ಲಿ ಬಾಟಲಿ ಮುಚ್ಚಳ ಮಾಡುತ್ತಿದ್ದರು. ಬರೀ ಮುಚ್ಚಳ. ಬಾಟಲಿ ಎಲ್ಲಿ ತಯಾರಾಗುತ್ತದೆ ಎಂದು ಅಲ್ಲಿದ್ದವರಿಗೆ ಯಾರಿಗೂ ಗೊತ್ತಿರಲಿಲ್ಲ.

ದೊಡ್ಡಹನುಮಯ್ಯನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಜನರನ್ನು ಆಳುವುದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಮಾತಿದೆಯೋ ಅಷ್ಟನ್ನೂ ಒಂದು ನೀಲಿ ರಟ್ಟಿನ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದ. ದಿನಕ್ಕೊಂದು ಪದ ಹಲಗೆಗೆ ಏರುತ್ತಿತ್ತು. ಸಂಜೆಯ ತನಕ ಅವನು ಆ ಪದವೇ ಆಗಿಬಿಡುತ್ತಿದ್ದ. 'ಮಾನಿಟರ್' ಎಂದು ಬರೆದ ದಿನ ಕಣ್ಣು ಮಿಟುಕಿಸದೆ ನಿಲ್ಲುತ್ತಿದ್ದ, ಗದ್ದೆಯ ಬೆದರುಬೊಂಬೆಯ ಹಾಗೆ. 'ಮೋಟಿವೇಟ್' ದಿನ ಚಪ್ಪಾಳೆ ತಟ್ಟಿ ತಟ್ಟಿ ಎಲ್ಲರ ಕಿವಿ ತೂತು ಮಾಡುತ್ತಿದ್ದ. 'ಡೆಲಿಗೇಟ್' ದಿನ ತನ್ನ ಕೆಲಸವನ್ನೆಲ್ಲ ಹಂಚಿ, ಕ್ಯಾಬಿನ್ನಿನಲ್ಲಿ ಬೀಡಿ ಸೇದುತ್ತ ಕೂರುತ್ತಿದ್ದ.

ಸತ್ತದ್ದೂ ಡ್ಯೂಟಿಗೆ ಬರುತ್ತಲೇ. ಕಂಪನಿ ವ್ಯಾನಿನ ಮುಂದಿನ ಸೀಟು ಸೂಪರ್ವೈಸರನದು, ಬೇರೆಯವರು ಅದನ್ನು ಮುಟ್ಟುವ ಹಾಗಿಲ್ಲ. ಆ ಸೀಟಿನಲ್ಲಿ ರಾಮನಗರ ದಾಟುವಾಗ ತಲೆ ವಾಲಿಸಿದವನು ಕಾರ್ಖಾನೆ ಗೇಟು ಬಂದರೂ ಏಳಲಿಲ್ಲ. ನಿದ್ದೆ ಎಂದುಕೊಂಡು ಎಲ್ಲರೂ ಮೆಲ್ಲಗೆ ಇಳಿದು ಹೋಗಿದ್ದರು.

ಮಾರನೆಯ ದಿನದಿಂದ ಕೆಂಪರಾಜು ಆಕ್ಟಿಂಗ್ ಸೂಪರ್ವೈಸರ್ ಆದ. ಪ್ಯಾಕಿಂಗಿನಲ್ಲಿ ಟೇಪು ಅಂಟಿಸುತ್ತಿದ್ದ ಈ ವಿರೂಪಾಕ್ಷಿಪುರದ ಹುಡುಗ ಮುಂದಿನ ಸೀಟಿಗೆ ಬಂದು ಕೂತ. ಹಲಗೆಯ ಮೇಲೆ ಪದ ಮಾತ್ರ ತನ್ನ ಪಾಡಿಗೆ ತಾನು ಬರುತ್ತಲೇ ಹೋಯಿತು. ಯಾರು ಬರೆಯುತ್ತಾರೆ? ವಾಚ್‌ಮನ್ ಅಲ್ಲ, ಅವನಿಗೆ ಅಕ್ಷರವೇ ಬಾರದು. ಬೀಗದ ಕೈ ಇದ್ದದ್ದು ಕೆಂಪರಾಜುವಿನ ಜೇಬಿನಲ್ಲಿ. 'ಮಾನಿಟರ್' ಎಂದು ಬಂದ ದಿನ ಇಪ್ಪತ್ತು ಹೆಂಗಸರೂ ಮತ್ತೆ ಮತ್ತೆ ಹಿಂದಕ್ಕೆ ತಿರುಗಿ ನೋಡಿದರು. ಕತ್ತಿನ ಹಿಂದೆ ಯಾರೋ ನಿಂತು ಉಸಿರು ಬಿಡುತ್ತಿದ್ದ ಹಾಗಿತ್ತಂತೆ.

ಇನ್ನೊಂದು ವಿಷಯ. ಬಾಗಿಲ ಬಳಿ ಹಾಜರಿ ಕಾರ್ಡು ಒತ್ತುವ ಯಂತ್ರವಿತ್ತಲ್ಲ, ಅಲ್ಲಿ ಸತ್ತವನ ಕಾರ್ಡು ಹಾಗೇ ಉಳಿದಿತ್ತು. ಮೊದಲ ದಿನ ಅದನ್ನು ಯಾರೂ ಒತ್ತಲಿಲ್ಲ. ಆವತ್ತು ಇಡೀ ದಿನ ಮೂರನೇ ಮಿಷನ್ನು ಸೊಟ್ಟ ಮುಚ್ಚಳ ಉಗುಳಿತು. ಅಕ್ಕೂರಿನ ಮುನಿಯಮ್ಮ ಒಂದೇ ಮಾತು ಹೇಳಿದಳು: "ಅಯ್ಯಂಗೆ ಆಜರಿ ಆಕಿಲ್ಲ ಕಣ್ಲಾ, ಅದ್ಕೇ ಮುನ್ಸ್ಕೊಂಡವ್ನೆ." ಅಲ್ಲಿಂದಾಚೆಗೆ ಕೆಂಪರಾಜು ಬೆಳಿಗ್ಗೆ ಸಂಜೆ ಎರಡೆರಡು ಕಾರ್ಡು ಒತ್ತುತ್ತಿದ್ದ, ತನ್ನದೊಂದು, ಅವನದೊಂದು. ಮುಚ್ಚಳ ನೆಟ್ಟಗಾಯಿತು.

ಈಗ ಈ 'ಹ್ಯಾಂಡೋವರ್'. ಅದೂ ಇವತ್ತೇ! ಮಧ್ಯಾಹ್ನ ಮೂರಕ್ಕೆ ಬೆಂಗಳೂರಿನ ಹೆಡ್ಡಾಫೀಸಿನಿಂದ ದಿವ್ಯ ಮೇಡಂ ಬಂದು ಸೂಪರ್ವೈಸರ್ ಯಾರೆಂದು ಪಕ್ಕಾ ಮಾಡಿ ಆರ್ಡರ್ ಕೊಡುವವರಿದ್ದರು. ಆ ಕಾಗದದ ಮೇಲೆ ಕೆಂಪರಾಜುವಿನ ಸಂಸಾರವೇ ನಿಂತಿತ್ತು. ಮದುವೆ ಕಾರ್ಡಿನಲ್ಲಿ ಹೆಸರಿನ ಮುಂದೆ 'ಸೂಪರ್ವೈಸರ್' ಎಂದು ಅಚ್ಚು ಹಾಕಿಸಿದ್ದ. ಹೊಸ ಹೆಂಡತಿ ಪುಟ್ಟಿ ಆಷಾಢಕ್ಕೆಂದು ಕಲ್ಯದ ತವರಿಗೆ ಹೋದಳು. ಶ್ರಾವಣ ಕಳೆಯುತ್ತ ಬಂದರೂ ಮಾವ ಬೈರಪ್ಪ ಕಳಿಸಲೊಲ್ಲ.

"ಆಕ್ಟಿಂಗ್ ಅಂದ್ರೆ ನಾಟ್ಕ ಅಂತ ನಂಗೂ ಗೊತ್ತು ಕಣಪ್ಪ ಅಳೀಮಯ್ಯ. ಪಕ್ಕಾ ಕಾಗ್ದ ತಂದು ತೋರ್ಸು, ಎಣ್ಣ ಕರ್ಕೊಂಡೋಗು" ಎಂದಿದ್ದ.

ಕೆಂಪರಾಜು ಡ್ರಾಯರ್ ಎಳೆದು ನೀಲಿ ಪುಸ್ತಕ ತೆಗೆದ. ಪ್ರತಿ ಪದದ ಮುಂದೆ ದೊಡ್ಡಹನುಮಯ್ಯ ತನಗೆ ತಿಳಿದಂತೆ ಅರ್ಥ ಬರೆದಿದ್ದ. ಹ್ಯಾಂಡೋವರಿನ ಮುಂದೆ ಹೀಗಿತ್ತು: 'ಕುರ್ಚಿ ಬಿಡುವಾಗ ಚಾರ್ಜು ಕೈಯಾರೆ ಒಪ್ಪಿಸುವುದು. ಒಪ್ಪಿಸದೆ ಹೋದವನು ಹೋದ ಲೆಕ್ಕವಲ್ಲ.'

ಅವನು ಪುಸ್ತಕ ಮುಚ್ಚಿ ಕಂಕುಳಿಗೆ ಸಿಕ್ಕಿಸಿದ. ಕೂರೋಣವೆಂದು ಕುರ್ಚಿಗೆ ಕೈಯಿಟ್ಟರೆ ಅದು ಬೆಚ್ಚಗಿತ್ತು. ಈಗಷ್ಟೇ ಯಾರೋ ಎದ್ದು ಹೋದಷ್ಟು ಬೆಚ್ಚಗೆ.

ಓಡಿಬಂದ ಕೆಂಪರಾಜುವನ್ನು ಹಿಡಿದು ನಿಲ್ಲಿಸಿದವನು ಮೆಕ್ಯಾನಿಕ್ ಶೋಯೆಬ್. ರಾಮನಗರದವನು, ಮುಂಚೆ ರೇಷ್ಮೆ ನೂಲು ತೆಗೆಯುವ ಮಿಷನ್ ರಿಪೇರಿ ಮಾಡುತ್ತಿದ್ದ.

"ಕ್ಯಾ ಭಾಯ್, ದೆವ್ವ ಹಿಡ್ದಂಗೆ ಓಡ್ತೀಯ?"

"ಇಡಿದಿಲ್ಲ ಕಣಣ್ಣ, ಕುರ್ಚೀಲಿ ಕುಂತೈತೆ!"

ಶೋಯೆಬ್ ಪುಸ್ತಕ ಓದಿಸಿಕೊಂಡು ಕೇಳಿ ಗಡ್ಡ ಕೆರೆದುಕೊಂಡ. "ನೋಡು ಭಾಯ್, ಗೂಡಲ್ಲಿ ಹುಳ ಸತ್ತೋಗಿರ್ತದೆ. ನೂಲು ಬಿಚ್ಕೊಂಡು ಬತ್ತಾನೇ ಇರ್ತದೆ. ಯಾಕೆ? ಕೊನೆ ಎಳೆ ಸಿಕ್ಕಿಲ್ಲ, ಅದ್ಕೆ. ಇವ್ರದೂ ಅಷ್ಟೇ. ಚಾರ್ಜು ಕೈಲಿ ಇಟ್ಕೊಂಡೇ ಹೋಗ್ಬುಟ್ರು."

ಅಷ್ಟರಲ್ಲಿ ಒಂದನೇ ಮಿಷನ್ನು ನಿಂತಿತು. ಎರಡನೆಯದು ನಿಂತಿತು. ಮೂರನೆಯದು ನಿಲ್ಲುವ ಮುನ್ನ ಒಂದು ಸೊಟ್ಟ ಮುಚ್ಚಳ ಉಗುಳಿತು. ಕರೆಂಟು ಇದೆ, ಫ್ಯೂಸು ನೆಟ್ಟಗಿದೆ, ಆದರೂ ಶೆಡ್ಡು ಸ್ಮಶಾನದ ಹಾಗೆ ಸುಮ್ಮನಾಯಿತು. ಆ ಮೌನದಲ್ಲಿ ಬೀಡಿಯ ವಾಸನೆ ತೇಲಿಬಂತು. ಅಲ್ಲಿ ಬೀಡಿ ಸೇದುವವರು ಬೇರೆ ಯಾರೂ ಇರಲಿಲ್ಲ.

"ಅಯ್ಯೋ ನಮ್ಮಪ್ಪ, ಬಂದ್ಬುಟ್ಟ!" ಎಂದು ಸರಸಮ್ಮ ಬಕೆಟ್ಟಿನ ಮುಚ್ಚಳವನ್ನೆಲ್ಲ ಚೆಲ್ಲಿದಳು.

ಮುನಿಯಮ್ಮ ಸೆರಗು ಸಿಕ್ಕಿಸಿ ಮುಂದೆ ಬಂದಳು. ಅವಳು ಮುಂದೆ ಬಂದಳೆಂದರೆ ಮ್ಯಾನೇಜರಾದವನೂ ಹಿಂದೆ ಸರಿಯಬೇಕು. "ಏನ್ಲಾ ಕೆಂಪ್ರಾಜಾ, ಮರ ಇದ್ದಂಗೆ ನಿಂತಿದ್ದೀಯಲ್ಲ. ಮನೇಲಿ ಇರೀಕ್ರು ಸತ್ರೆ ಏನ್ಲಾ ಮಾಡ್ತೀರಿ? ಎಡೆ ಇಕ್ಕೋದಿಲ್ವಾ? ಇಲ್ಗೂ ಇಕ್ಕು. ಉಂಡ್ಬುಟ್ಟು, ಒಪ್ಸ್ಬುಟ್ಟು ಓಗ್ಲಿ."

"ಫ್ಯಾಕ್ಟ್ರೀಲಿ ಎಡೆನಾ ಮುನಿಯಕ್ಕ? ಮೂರಕ್ಕೆ ಮೇಡಂ ಬತ್ತಾರೆ!"

"ಮೂರಕ್ಕೆ ಅವ್ರು ಬತ್ತಾರೆ. ಇವ್ನು ಆಗ್ಲೇ ಬಂದವ್ನೆ. ಯಾರ್ನ ಮೊದ್ಲು ನೋಡ್ಕೋಬೇಕು ಯೋಳು."

ಊಟದ ಬೆಲ್ಲಿಗೆ ಎಲ್ಲರ ಡಬ್ಬಿಯೂ ಬಿಚ್ಚಿಕೊಂಡಿತು. ಒಬ್ಬಳ ಮುದ್ದೆ, ಇನ್ನೊಬ್ಬಳ ಉಪ್ಸಾರು, ಸರಸಮ್ಮನ ಕೋಡುಬಳೆ. ಗೇಟಿನಾಚೆಯ ಪೆಟ್ಟಿಗೆ ಅಂಗಡಿಯಿಂದ ಒಂದು ಕಟ್ಟು ಬೀಡಿ ಬಂತು. ಕ್ಯಾಬಿನ್ನಿನ ಮೇಜಿನ ಮೇಲೆ ಬಾಳೆ ಎಲೆ ಹಾಸಿ ಬಡಿಸಿದರು. ಎಲೆಯ ಪಕ್ಕದಲ್ಲಿ ಬೀಗದ ಕೈಗೊಂಚಲು, ವಿಷಲ್ಲು, ನೀಲಿ ಪುಸ್ತಕ. ಅದರ ಪಕ್ಕ ಚಾರ್ಜು ಒಪ್ಪಿಸುವ ಹಳೇ ಫಾರಂ.

ಫಾರಂ ಇಂಗ್ಲಿಷಿನದು, ಕಾರ್ಬನ್ ಪ್ರತಿ, ಅಕ್ಷರವೆಲ್ಲ ಮಾಸಿ ಇರುವೆ ಸಾಲಿನಂತಾಗಿತ್ತು. ಕೆಳಗೆ ರುಜುವಿಗೆ ಎರಡು ಜಾಗ, ಎಡಕ್ಕೊಂದು, ಬಲಕ್ಕೊಂದು. ಕೊಡುವವನದು ಯಾವುದು, ತೆಗೆದುಕೊಳ್ಳುವವನದು ಯಾವುದು?

"ಓದಕ್ಕೇ ಆಗ್ತಿಲ್ವಲ್ಲಣ್ಣ" ಎಂದು ಕೆಂಪರಾಜು ಕಾಗದವನ್ನು ಬೆಳಕಿಗೆ ಹಿಡಿದ.

ಮುನಿಯಮ್ಮ ಅವನ ತಲೆಗೆ ಮೊಟಕಿದಳು. "ಅದ್ನೇನ್ ಓದೋದು? ಯಾರಾರ ಎಡಗೈಲಿ ಕೊಟ್ಟಾರೇನ್ಲಾ? ಕೊಡೋ ಕೈ ಬಲಗೈ. ಬಲ್ಗಡೆ ಅಯ್ಯನ ಎಸ್ರು ಬರಿ. ಎಡಕ್ಕೆ ನಿಂದು."

ಅದು ಎಲ್ಲರಿಗೂ ಸರಿ ಎನ್ನಿಸಿತು. ಶೋಯೆಬ್ ಕೂಡ "ಸಹಿ ಬಾತ್" ಎಂದ. ಕೆಂಪರಾಜು ಬಲಕ್ಕೆ ದೊಡ್ಡಹನುಮಯ್ಯನ ಹೆಸರು ಬರೆದು, ಎಡಕ್ಕೆ ತನ್ನ ರುಜು ಹಾಕಿ, ಪೆನ್ನು ತೆರೆದಿಟ್ಟು ಹೊರಗೆ ಬಂದ. ಗಾಜಿಗೆ ಪರದೆ ಎಳೆದರು. ಬಾಗಿಲು ಮುಚ್ಚಿದರು. ಹಿರಿಯರು ಉಣ್ಣುವಾಗ ನೋಡಬಾರದೆಂದು ಎಲ್ಲರೂ ಬೆನ್ನು ಮಾಡಿ ನಿಂತರು.

"ಕೇಳ್ಕೊಳ್ಲಾ" ಎಂದು ಮುನಿಯಮ್ಮ ತಿವಿದಳು.

ಕೆಂಪರಾಜು ಬಾಗಿಲಿಗೆ ಬೆನ್ನು ಮಾಡಿಯೇ ಕೈ ಮುಗಿದ. "ದೊಡ್ಡಣ್ಣ... ನೀನಿದ್ದಾಗ ನಾನು ಎದುರು ಮಾತಾಡ್ದೋನಲ್ಲ. ನನ್ನೆಂಡ್ತಿ ಕಲ್ಯದಲ್ಲಿ ಕುಂತವ್ಳೆ. ರುಜು ಆಕ್ಬುಟ್ಟು ಓಗ್ಬುಡು, ನಿನ್ ದಮ್ಮಯ್ಯ."

ಒಳಗೆ ಕುರ್ಚಿ ಕಿರ್ ಎಂದಿತು.

ಆಮೇಲೆ ಏನೂ ಇಲ್ಲ. ಫ್ಯಾನು ಕೂಡ ಸದ್ದು ಮಾಡಲಿಲ್ಲ. ಇಪ್ಪತ್ತಮೂರು ಜನ ಉಸಿರು ಹಿಡಿದು ನಿಂತಿದ್ದ ಆ ಶೆಡ್ಡಿನಲ್ಲಿ ಯಾರೋ ಒಬ್ಬರು ನಿಧಾನವಾಗಿ, ರುಚಿ ನೋಡಿ ನೋಡಿ, ಕೋಡುಬಳೆ ಕಡಿಯುವ ಸದ್ದು ಕೇಳಿಸಿತು. ಕಟುಂ. ಕಟುಂ. ಸರಸಮ್ಮ ಕಣ್ಣು ಮೇಲೆ ಮಾಡಿ ಶೋಯೆಬನ ಟೂಲ್ ಪೆಟ್ಟಿಗೆಯ ಮೇಲೆ ಕುಸಿದಳು. ಕೊನೆಗೆ ಒಳಗಿನಿಂದ ವಿಷಲ್ಲು ಕೂಗಿತು, ಊಟ ಮುಗಿಯಿತೆಂದು ದೊಡ್ಡಹನುಮಯ್ಯ ದಿನಾ ಊದುತ್ತಿದ್ದ ಹಾಗೆ, ಎರಡು ಸಲ. ಮೂರು ಮಿಷನ್ನೂ ಒಟ್ಟಿಗೇ ಓಡತೊಡಗಿದವು.

ಬಾಗಿಲು ತೆರೆದರೆ ಎಲೆಯ ಮೇಲಿನ ಮುದ್ದೆಯಲ್ಲಿ ನಾಲ್ಕು ಬೆರಳಿನ ಗುರುತು. ಕೋಡುಬಳೆ ಇಲ್ಲ. ಬೀಡಿ ಕಟ್ಟಿನಲ್ಲಿ ಒಂದು ಕಡಿಮೆ. ಫಾರಂನ ಬಲಗಡೆ ಎಡಕ್ಕೆ ವಾಲಿದ ರುಜು, ಕೊನೆಯಲ್ಲಿ ಕೋಳಿ ಕೆದಕಿದ ಗೀಟು. ಹಲಗೆ ನೋಡಿದರೆ ಒರೆಸಿ ಸ್ವಚ್ಛವಾಗಿತ್ತು.

"ಓದ ಕಣ್ಲಾ!" ಎಂದು ಮುನಿಯಮ್ಮ ನೆಟಿಗೆ ಮುರಿದಳು. ಕೆಂಪರಾಜು ಅತ್ತೇಬಿಟ್ಟ. ಹೆದರಿಕೆಗೋ ಸಂತೋಷಕ್ಕೋ, ಅವನಿಗೇ ಗೊತ್ತಾಗಲಿಲ್ಲ.

ಮೂರಕ್ಕೆ ಸರಿಯಾಗಿ ದಿವ್ಯ ಮೇಡಂ ಬಂದರು. ಚಿಕ್ಕ ವಯಸ್ಸು, ಕತ್ತಿನಲ್ಲಿ ಗುರುತಿನ ಚೀಟಿ, ಕೈಯಲ್ಲಿ ಎರಡು ಲಕೋಟೆ. ಆ ಒಂದು ಸೊಟ್ಟ ಮುಚ್ಚಳ ಬಿದ್ದದ್ದು ಬಿಟ್ಟರೆ ಎಲ್ಲ ಕನ್ನಡಿಯಂತಿತ್ತು. ಕೆಂಪರಾಜು ಎದೆಯುಬ್ಬಿಸಿ, ಯಾರೂ ಕೇಳದಿದ್ದರೂ ಫಾರಂ ಮುಂದೆ ಹಿಡಿದ.

"ಮೇಡಂ, ಆಂಡೋವರ್ ಕಂಪ್ಲೀಟ್."

ಅವರು ಕಾಗದವನ್ನು ಕಣ್ಣಿನ ಹತ್ತಿರ ತಂದು ಓದಿದರು. ಮುಖ ಅರಳಿತು. "ಅರೆ, ನಾನು ಹೇಳೋದಕ್ಕೆ ಮುಂಚೇನೇ ಮಾಡ್ಬಿಟ್ಟಿದೀರಾ! ನಿಮಗೆ ಬೇಜಾರಾಗುತ್ತೇನೋ ಅಂತ ಕಾರಲ್ಲಿ ಬರ್ತಾ ಯೋಚನೆ ಮಾಡ್ತಿದ್ದೆ ಕೆಂಪರಾಜು ಅವ್ರೇ. ನೀವಾಗೇ ಚಾರ್ಜ್ ಬಿಟ್ಕೊಟ್ಟು ದೊಡ್ಡಹನುಮಯ್ಯ ಅವ್ರಿಗೆ ಒಪ್ಸಿದೀರಲ್ಲ, ದೊಡ್ಡ ಮನಸ್ಸು."

"ನಾನು... ಒಪ್ಸಿದ್ದು?"

"ಹೌದಲ್ವಾ, ಎಡಗಡೆ ಕೊಡೋರು, ಬಲಗಡೆ ತಗೊಳ್ಳೋರು. ನಾವು ಕಂಪನಿ ಕೊಂಡ್ಕೊಂಡು ಐದು ತಿಂಗಳಾಯ್ತು. ಹಳೇ ಕಾಗದ ಒಂದೂ ನಮಗೆ ಸಿಕ್ಲಿಲ್ಲ, ಕಂಪ್ಯೂಟರಲ್ಲಿ ಹಾಜರಿ ಮಾತ್ರ ನೋಡಿದ್ವಿ. ಈ ಐದು ತಿಂಗಳಲ್ಲಿ ಒಂದು ದಿನಾನೂ ರಜೆ ಹಾಕ್ದೇ ಇರೋರು ಇಡೀ ಕಂಪನೀಲಿ ದೊಡ್ಡಹನುಮಯ್ಯ ಒಬ್ರೇ. ನೀವೂ ಚೆನ್ನಾಗೇ ಬಂದಿದೀರ. ಆದ್ರೆ ಮದುವೇಗೆ ನಾಲ್ಕು ದಿನ ಹೋಗಿದೀರಲ್ಲ?"

ಆ ನಾಲ್ಕು ದಿನ ಸತ್ತವನ ಕಾರ್ಡನ್ನು ಒತ್ತಿದವರು ಯಾರು? ಕೆಂಪರಾಜು ಮುನಿಯಮ್ಮನನ್ನು ನೋಡಿದ, ಅವಳು ಶೋಯೆಬನನ್ನು ನೋಡಿದಳು, ಶೋಯೆಬ್ ತಲೆಯಲ್ಲಾಡಿಸಿದ. ಯಾರೂ ಒತ್ತಿರಲಿಲ್ಲ.

"ಎಲ್ಲಿ ಅವ್ರು? ಆರ್ಡರ್ ಕೊಡ್ಬೇಕು" ಎಂದರು ಮೇಡಂ.

'ಸತ್ತವ್ನೆ' ಎನ್ನಲು ಕೆಂಪರಾಜು ಬಾಯಿ ತೆರೆದ. ಶೋಯೆಬ್ ಅವನ ಕಿವಿಗೆ ಬಗ್ಗಿದ. "ಭಾಯ್, ಸತ್ತೋರ್ ಕಾರ್ಡು ಒತ್ತಿದ್ದು ಯಾರು ಅಂತ ಕೇಳ್ತಾರೆ. ಕೆಲ್ಸಾನೂ ಹೋಗ್ತದೆ, ನಿನ್ ಮನೇಗೆ ಪೊಲೀಸೂ ಬತ್ತದೆ."

ಕೆಂಪರಾಜು ತೆರೆದ ಬಾಯನ್ನು ಹಾಗೇ ನಗು ಮಾಡಿದ. "ರೌಂಡ್ಸ್ ಓಗವ್ರೆ ಮೇಡಂ."

"ಓ ಸರಿ, ಹಾಗಾದ್ರೆ ಗೇಟ್ ಹತ್ರ ಸಿಕ್ಕಿದ್ರಲ್ಲ, ಅವ್ರೇ. ಕೋಡುಬಳೆ ತಿಂತಾ ನಿಂತಿದ್ರು. ಒಳಗೆ ದಾರಿ ತೋರ್ಸಿದ್ದೂ ಅವ್ರೇ. ಫ್ಯಾಕ್ಟರಿ ಒಳಗೆ ಬೀಡಿ ಸೇದ್ಬೇಡಿ ಅಂತ ಒಂದು ಮಾತು ಹೇಳಿ."

ಅವರು ಒಂದು ಲಕೋಟೆಯನ್ನು ಕ್ಯಾಬಿನ್ನಿನ ಮೇಜಿನ ಮೇಲಿಟ್ಟು, ಇನ್ನೊಂದನ್ನು ಕೆಂಪರಾಜುವಿನ ಕೈಗಿಟ್ಟು ಹೊರಟುಹೋದರು. ಅದರಲ್ಲಿ ಪಕ್ಕಾ ಕಾಗದವೇ ಇತ್ತು, ಸೀಲು ರುಜು ಎಲ್ಲ ಸಮೇತ. ನಾಳೆಯಿಂದ ಕೆಂಪರಾಜು ಮತ್ತೆ ಪ್ಯಾಕಿಂಗಿಗೆ, ಶ್ರೀ ದೊಡ್ಡಹನುಮಯ್ಯನವರ ಕೈಕೆಳಗೆ. ಇದನ್ನು ಕಲ್ಯದ ಮಾವನಿಗೆ ತೋರಿಸಬೇಕು.

ಸಂಜೆ ಐದೂವರೆಗೆ ಅವನು ತನ್ನ ಕಾರ್ಡೊಂದನ್ನೇ ಒತ್ತಿದ. ಇನ್ನೊಂದನ್ನು ಮುಟ್ಟಲಿಲ್ಲ. "ಬೇಕಾರೆ ಅವ್ನೇ ಒತ್ಕೊಳ್ಲಿ, ಈಗ ಪಕ್ಕಾ ಸೂಪರ್ವೈಸರ್ರಲ್ವಾ" ಎಂದು ಗೊಣಗಿ ಹೊರಕ್ಕೆ ಕಾಲಿಟ್ಟ. ಬೆನ್ನ ಹಿಂದೆ, ಯಾರೂ ಇಲ್ಲದ ಬಾಗಿಲಲ್ಲಿ, ಯಂತ್ರ 'ಟಕ್' ಎಂದಿತು.

ಕೆಂಪರಾಜು ತಿರುಗಿ ನೋಡಲಿಲ್ಲ. ಓಡಿಹೋಗಿ ವ್ಯಾನಿನ ಮುಂದಿನ ಬಾಗಿಲು ಎಳೆದ. ಅಲ್ಲಿ ಯಾರೂ ಇರಲಿಲ್ಲ. ಆದರೆ ಸೀಟಿನ ರೆಕ್ಸಿನು ಮೆಲ್ಲಗೆ, ಒಬ್ಬ ಆಳು ಕೂತಷ್ಟು, ಒಳಕ್ಕೆ ತಗ್ಗಿತು. ಡ್ರೈವರು ಸ್ಟೇರಿಂಗಿಗೆ ಅಂಟಿಕೊಂಡು ನೇರ ರಸ್ತೆಯನ್ನೇ ನೋಡುತ್ತಿದ್ದ.

ಹಿಂದಿನ ಸೀಟಿನಿಂದ ಮುನಿಯಮ್ಮ ಸೆರಗು ತಲೆಗೆ ಹೊದ್ದು, ಮೆಲುದನಿಯಲ್ಲಿ ಕರೆದಳು:

"ಇಂದಕ್ಕೆ ಬಾರ್ಲಾ ಕೆಂಪ್ರಾಜಾ. ಸಾಹೇಬ್ರು ಕುಂತವ್ರೆ."